ವಿಭೂತಿ ಬಿದ್ದ ಫಿಲಂ

ನನ್ನ ಮಗಳಿಗೆ ಕ್ಯಾನ್ಸರ್ ಇಲ್ಲ! ಆಸ್ಪತ್ರೆ ಮೆಟ್ಟಿಲ ಮೇಲೆ ಕಾಯುತ್ತಿದ್ದ ಅಳಿಯನಿಗೆ ಹೇಳಿದೆ, ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೆ ಹೇಳಿದೆ, ಪೀಣ್ಯದಲ್ಲಿ ಇಳಿದು ಎಸ್‌ಟಿಡಿ ಬೂತಿನಿಂದ ಊರಿಗೆ ಫೋನು ಹಚ್ಚಿಯೂ ಹೇಳಿದೆ. ಪಕ್ಕದ ಮನೆಯಲ್ಲಿ ಬಿಟ್ಟಿದ್ದ ಪುಟ್ಟ ಮೊಮ್ಮಗಳನ್ನು ಎತ್ತಿಕೊಂಡು "ನಿಮ್ಮವ್ವ ಆರಾಮ ಅದಾಳ" ಅನ್ನುವಾಗ ಮಾತ್ರ ಅಕ್ಕ ನೆನಪಾದಳು.

ಅಕ್ಕನ ಎದೆಯಲ್ಲೂ ಹೀಗೇ ಒಂದು ಗಂಟು ಸಿಕ್ಕಿತ್ತು. ನಮ್ಮ ಕಡೆ ಆಸ್ಪತ್ರೆಯಲ್ಲಿ ಆಗ ಇದ್ದದ್ದು ಕೈಕಾಲು ಮುರಿದವರಿಗೆ ತೆಗೆಯುವ ಎಕ್ಸ್‌ರೇ ಒಂದೇ. ಅದರಲ್ಲೇ ತೆಗೆದರು. ಫಿಲಂ ತುಂಬಾ ಮಂಜು ಕವಿದ ಹಾಗಿತ್ತು.

"ಇದರಾಗ ಏನೂ ತಿಳಿಯಂಗಿಲ್ಲ, ದೊಡ್ಡ ಊರಿಗೆ ಹೋಗಿ ತೆಗಸ್ರಿ" ಅಂದರು ಡಾಕ್ಟರು.

"ಮತ್ತೊಮ್ಮೆ ಗಂಡಸರ ಮುಂದ ಸೆರಗು ತೆಗಿಯಾಕ ನನ್ನ ಕೈಲಾಗಂಗಿಲ್ಲ" ಅಂದಳು ಅಕ್ಕ. ಯಾರೂ ಒತ್ತಾಯ ಮಾಡಲಿಲ್ಲ. ಮುಂದೆ ಫಿಲಂ ಬೇಕಾಗಲೇ ಇಲ್ಲ, ಗಂಟು ಹೊರಗೇ ಕಾಣುತ್ತಿತ್ತು. ಅಕ್ಕ ಉಳಿಯಲಿಲ್ಲ.

ಈಗ ಮಗಳ ಎದೆಯಲ್ಲಿ ಗಂಟು ಅಂದಾಗ ಸಿಕ್ಕ ಬಸ್ಸು ಹತ್ತಿ ಊರಿಂದ ಅವಳ ಮನೆಗೆ ಬಂದೆ. ಆಸ್ಪತ್ರೆಗೆ ಹೊರಡುವ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ವಿಭೂತಿ ಗಟ್ಟಿ ತೇಯ್ದು, ಗಂಟಿದ್ದಲ್ಲಿ ದಪ್ಪಗೆ ಹಚ್ಚಿದೆ. ನನಗೆ ಗೊತ್ತಿದ್ದ ಮದ್ದು ಅದೊಂದೇ.

ಅಲ್ಲಿ ಎದೆಯ ಎಕ್ಸ್‌ರೇಗೆಂದೇ ಬೇರೆ ಮಷೀನು. ತೆಗೆಯುವವಳೂ ಹೆಂಗಸು. ಎರಡು ಹಲಗೆ ನಡುವೆ ಒತ್ತಿ ಹಿಡಿಯುತ್ತಾರೆ, ಚೆನ್ನಾಗಿ ಒತ್ತಿದರೆ ಚಿತ್ರ ತಿಳಿಯಾಗುತ್ತದಂತೆ. ಮಗಳು ಹಲ್ಲು ಕಚ್ಚಿ ನಿಂತಳು. ಆಕೆ ಫಿಲಂ ತೊಳೆದು ತಂದು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದಾಗ ನಾನೂ ಇಣುಕಿದೆ. ರಾಗಿಗಿಂತ ಸಣ್ಣ ಬಿಳಿ ಚುಕ್ಕೆಗಳು, ಯಾರೋ ಚೆಲ್ಲಿದ ಹಾಗೆ. ರೋಗ ಇದ್ದರೂ ಇಂಥವು ಬರುತ್ತವೆ ಅಂದಳು.

ಆಕೆ ಮಗಳ ಕಡೆ ತಿರುಗಿದಳು. "ಪೌಡರ್ ಗೀಡರ್ ಹಾಕ್ಕೊಂಡ್ ಬಂದಿದೀರಾ?"

"ಇಲ್ರೀ. ಅವ್ವ ವಿಭೂತಿ ಹಚ್ಯಾಳ."

"ಅಯ್ಯೋ ಅಮ್ಮಾ! ಹಣೆಗೆ ಇಡಿ, ನನ್ನ ಫಿಲಂಗ್ಯಾಕೆ ಇಟ್ರಿ?" ಅಂತ ನನ್ನನ್ನು ಗದರಿ, ಮಗಳ ಕೈಗೆ ಸೋಪು ಕೊಟ್ಟಳು. "ತೊಳ್ಕೊಂಡ್ ಬನ್ನಿ. ನೋವಾಗುತ್ತೆ, ಗೊತ್ತು. ಸರಿಯಾಗಿ ಬರೋವರ್ಗೂ ನಾನ್ ಬಿಡಲ್ಲ."

ಅಕ್ಕನನ್ನು ಯಾರಾದರೂ ಹಾಗೆ ಗದರಿದ್ದರೆ!

ಎರಡನೇ ಫಿಲಮಿನಲ್ಲಿ ಚುಕ್ಕೆ ಒಂದೂ ಇರಲಿಲ್ಲ. ಗಂಟು ದುಂಡಗೆ, ಅಂಚು ನುಣ್ಣಗೆ ಕಂಡಿತು. ಡಾಕ್ಟರಮ್ಮ ಸೂಜಿ ಹಾಕಿ ನೀರು ಎಳೆದರು, ಗಂಟು ಅಲ್ಲೇ ಇಳಿದುಹೋಯಿತು. "ಬರೀ ನೀರಿನ ಗುಳ್ಳೆ ಅಮ್ಮ, ಧೈರ್ಯವಾಗಿ ಮನೆಗೆ ಹೋಗಿ" ಅಂದರು.

ಸಂಜೆ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿದೆ. ಎಲ್ಲರೂ ಒಟ್ಟಿಗೇ ಕೂತೆವು.

"ಅತ್ತಿ, ಪಲ್ಯಾಕೂ ವಿಭೂತಿ ಹಾಕೀರೇನು ಮತ್ತ?" ಅಂದ ಅಳಿಯ. ಮಗಳಿಗೆ ನಗು ತಡೆಯದೆ ನೆತ್ತಿಗೇರಿತು.

ಮೊಮ್ಮಗಳಿಗೆ ತುತ್ತು ಕಲಸಿ ಹಿಡಿದೆ. ಒಲ್ಲೆ ಅಂತ ನನ್ನ ತೊಡೆಯಿಂದ ಇಳಿದು ಹೋದಳು. ಅಕ್ಕನ ಮಗಳು ಈ ವಯಸ್ಸಿನಲ್ಲಿ ದಿನಾ ನನ್ನ ಕೈತುತ್ತೇ ಉಂಡಳು, ಅವಳಿಗೆ ಬೇರೆ ತೊಡೆ ಇರಲಿಲ್ಲ. ಈಕೆ ತನ್ನವ್ವನ ತೊಡೆ ಹತ್ತಿ ಕೂತು ಬಾಯಿ ತೆರೆದಳು. ಕಲಸಿದ ತುತ್ತು ನಾನೇ ತಿಂದೆ.