ತೂಬಿನ ತಿರುವಿನ ಕೆಂಪು ಬಾವುಟ

ಲಾಕ್‌ಡೌನ್ ಬಂದ ವರ್ಷ, ಅದಕ್ಕೆ ತಿಂಗಳ ಮುಂಚೆ, ಫೆಬ್ರುವರಿಯ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಸ್ವಲ್ಪ ಮೊದಲು ನಾನು ಮಳವಳ್ಳಿಯಿಂದ ಪೂರಿಗಾಲಿ ಕಡೆಗೆ ಹೋಗುವ ನಾಲೆ ಏರಿಯ ಮೇಲೆ, ತೂಬಿನ ತಿರುವಿನಲ್ಲಿ, ರಸ್ತೆಯ ಬಲ ಅಂಚಿನ ಕಲ್ಲುಕಟ್ಟೆಯ ಹಿಂದೆ ನಿಂತಿದ್ದೆ. ಕಾರುಗಳು ನನ್ನ ಎಡಗಡೆಯಿಂದ ಬರಬೇಕಿತ್ತು. ಎದುರಿಗೆ ಒಂದೇ ಗಾಡಿ ಹಿಡಿಯುವಷ್ಟು ಅಗಲದ ಮಣ್ಣುರಸ್ತೆ, ಅದರಾಚೆ ನಾಲೆ. ಬೆನ್ನ ಹಿಂದೆ ಮುಳ್ಳುಬೇಲಿ, ಬೇಲಿಯ ಕೆಳಗೆ ಗದ್ದೆ. ತಿರುವು ಬಲಕ್ಕೆ. ಅದರ ಒಳಮೈಯಲ್ಲಿ ಹೊಂಗೆಮರಗಳು ಒತ್ತಾಗಿದ್ದುದರಿಂದ, ಬರುವ ಕಾರಿಗೆ ತಿರುವಿನಾಚೆ ಏನಿದೆ ಎಂದು ಕಾಣುತ್ತಿರಲಿಲ್ಲ. ನಾನು ನಿಂತ ಜಾಗದಿಂದ ಎರಡೂ ಕಡೆ ಕಾಣುತ್ತಿತ್ತು. ನನ್ನನ್ನು ಅಲ್ಲಿ ನಿಲ್ಲಿಸಿದ್ದೇ ಅದಕ್ಕೆ.

ಇಷ್ಟನ್ನೂ ಮೊದಲೇ ಹೇಳಲು ಕಾರಣವಿದೆ. ಅಲ್ಲಿಂದ ನನಗೆ ಏನು ಕಾಣುತ್ತಿತ್ತು, ಏನು ಕಾಣುತ್ತಿರಲಿಲ್ಲ ಎಂಬುದರ ಮೇಲೆ ಆಮೇಲೆ ಬಹಳ ಮಾತು ನಡೆಯಿತು. ಈಗಲೂ ಮಳವಳ್ಳಿಯ ಟೀ ಅಂಗಡಿಯಲ್ಲಿ ಆ ಮಾತು ಎತ್ತುವವರಿದ್ದಾರೆ.

ಆಗ ನನ್ನ ಉದ್ಯೋಗ ಐಟಿಐಯಲ್ಲಿ ಮೋಟಾರ್ ಮೆಕ್ಯಾನಿಕ್ ವಿಭಾಗದ ಬೋಧಕನದು. ವರ್ಷಕ್ಕೊಂದು ಭಾನುವಾರ ಮಾತ್ರ ನನಗೆ ಇನ್ನೊಂದು ಹುದ್ದೆಯಿತ್ತು: ನಮ್ಮ ಸೀಮೆಯ ಕಾರ್ ರ‍್ಯಾಲಿಯಲ್ಲಿ ತೂಬಿನ ತಿರುವಿನ ಪೋಸ್ಟ್ ಚೀಫ್. ಅಂದರೆ ಆ ತಿರುವಿನ ಸುರಕ್ಷತೆಗೆ ಹೊಣೆಗಾರ. ಸಂಬಳ ಇಲ್ಲ. ಒಂದು ಕಿತ್ತಳೆ ಬಣ್ಣದ ಜಾಕೀಟು, ಒಂದು ಸೀಟಿ, ಒಂದು ಹಳದಿ ಬಾವುಟ, ಒಂದು ಕೆಂಪು ಬಾವುಟ. ಹಳದಿ ತೋರಿಸಿದರೆ ಎಚ್ಚರ ಎಂದರ್ಥ, ಕೆಂಪು ತೋರಿಸಿದರೆ ನಿಲ್ಲಲೇಬೇಕು. ಅಲ್ಲಿಯವರೆಗಿನ ಎಲ್ಲ ವರ್ಷಗಳಲ್ಲೂ ಕೆಂಪು ಬಾವುಟವನ್ನು ನಾನು ಕೋಲಿಗೆ ಸುತ್ತಿದಂತೆಯೇ ಮನೆಗೆ ವಾಪಸು ತಂದಿದ್ದೆ.

ರ‍್ಯಾಲಿ ಶುರುವಾದದ್ದು ಒಂದು ವಾದದಿಂದ. ಮದ್ದೂರಿನ ಮದುವೆಯೊಂದರಲ್ಲಿ ಊಟ ಮುಗಿಸಿ ಕೂತ ಇಬ್ಬರು, ನಮ್ಮ ರಸ್ತೆಗೆ ಜೀಪು ತಡೆಯುತ್ತದೋ ಅಂಬಾಸಿಡರ್ ತಡೆಯುತ್ತದೋ ಎಂದು ಮಾತಿಗೆ ಮಾತು ಬೆಳೆಸಿ, ಮುಂದಿನ ಭಾನುವಾರ ಓಡಿಸಿಯೇ ತೀರಿಸಿಕೊಂಡರಂತೆ. ಮರುವರ್ಷ ನೋಡಲು ಬಂದವರೂ ತಮ್ಮ ಗಾಡಿ ತಂದರು. ಗೆದ್ದವನಿಗೆ ಬಹುಮಾನ ಒಂದು ಹೊರೆ ಕಬ್ಬು. ಅದನ್ನು ಕಾರಿನ ಬಾನೆಟ್ಟಿಗೆ ಅಡ್ಡ ಕಟ್ಟಿ ಶಿವನಸಮುದ್ರದಿಂದ ಮಳವಳ್ಳಿಯ ಪೇಟೆಯ ಮೂಲಕ ವಾಪಸು ಬರಬೇಕು. ಮುಂದೆ ಒಂದು ಸಣ್ಣ ಕ್ಲಬ್ ಹುಟ್ಟಿತು. ಪೊಲೀಸರ ಅನುಮತಿ, ಆಂಬುಲೆನ್ಸು, ಹೆಲ್ಮೆಟ್ಟು ಎಲ್ಲ ಬಂದವು. ಕಬ್ಬು ಮಾತ್ರ ಬದಲಾಗಲಿಲ್ಲ.

ಮಂಡ್ಯದಲ್ಲಿ ಚಾಲನೆ. ಅಲ್ಲಿಂದ ಕೆರಗೋಡು, ಮದ್ದೂರು, ಮಳವಳ್ಳಿ ದಾಟಿ ಶಿವನಸಮುದ್ರದಲ್ಲಿ ಮುಕ್ತಾಯ. ನಡುವೆ ಸ್ಪೆಷಲ್ ಸ್ಟೇಜುಗಳು. ಸ್ಟೇಜ್ ಎಂದರೆ ಬೇರೆ ವಾಹನ ಬಾರದಂತೆ ಮುಚ್ಚಿದ ಹಳ್ಳಿರಸ್ತೆ. ಕಾರುಗಳು ಒಟ್ಟಿಗೆ ಓಡುವುದಿಲ್ಲ, ಎರಡು ನಿಮಿಷಕ್ಕೊಂದರಂತೆ ಬಿಡುತ್ತಾರೆ, ಕಡಿಮೆ ಸಮಯದಲ್ಲಿ ತಲುಪಿದವರು ಮುಂದೆ. ಪ್ರತಿ ಕಾರಿನಲ್ಲಿ ಇಬ್ಬರು. ಒಬ್ಬರು ಓಡಿಸುತ್ತಾರೆ. ಪಕ್ಕದವರು ನ್ಯಾವಿಗೇಟರ್, ಮುಂದಿನ ತಿರುವು ಎಷ್ಟು ಬಿಗಿ ಎಂದು ಅಂಕಿಯಲ್ಲಿ, ಹಳ್ಳ ಎಲ್ಲಿ, ಮರ ಎಲ್ಲಿ ಎಂದು ಕೂಗಿ ಹೇಳುತ್ತಿರುತ್ತಾರೆ. ಓಡಿಸುವವರು ಕಣ್ಣಿಗೆ ಕಾಣದ ರಸ್ತೆಯನ್ನು ಆ ದನಿಯಲ್ಲಿ ನೋಡಬೇಕು.

ನಾಲೆ ಏರಿ ಕೊನೆಯ ಸ್ಟೇಜು. ಫೆಬ್ರುವರಿಯಲ್ಲಿ ಆ ನಾಲೆ ಒಣಗಿರುತ್ತದೆ ಎಂದೇ ಅದನ್ನು ಆರಿಸಿದ್ದರು. ಎದೆಯೆತ್ತರದ ಒಣ ನಾಲೆಯೊಳಗೆ ಇಳಿದು ನಿಂತರೆ ತಲೆ ಮಾತ್ರ ರಸ್ತೆಯ ಮಟ್ಟಕ್ಕಿಂತ ಮೇಲಿರುತ್ತದೆ. ಕಾರು ಎದುರಿಗೇ ಹಾಯುತ್ತದೆ, ಆದರೆ ಮೈಗೆ ತಾಗುವುದಿಲ್ಲ. ಜನ ಅದನ್ನು ಗ್ಯಾಲರಿ ಎಂದು ಕರೆಯುತ್ತಿದ್ದರು. ಚಾಪೆ ಹಾಸಿ, ಬುತ್ತಿ ಬಿಚ್ಚಿ ಕೂರುತ್ತಿದ್ದರು. ನಾನೇ ಎಷ್ಟೋ ಜನರನ್ನು ರಸ್ತೆಯಿಂದ ಕೆಳಗಿಳಿಸಿ, ಇಲ್ಲಿ ಕೂತರೆ ಭಯವಿಲ್ಲ ಎಂದಿದ್ದೇನೆ.

ಆ ವರ್ಷದ ವಿಶೇಷ ಎಂದರೆ ಭಾಗ್ಯ ಎಂಬ ಸ್ಪರ್ಧಿ. ಕೆರಗೋಡಿನ ಕಡೆಯ ಕಬ್ಬಿನ ರೈತರ ಮನೆಯ ಹೆಣ್ಣುಮಗಳು. ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುತ್ತ ಕೈ ಪಳಗಿಸಿಕೊಂಡವಳು. ಹಳೆಯ ಜಿಪ್ಸಿ ಜೀಪೊಂದನ್ನು ಕೊಂಡು, ನಮ್ಮ ವರ್ಕ್‌ಶಾಪಿನಲ್ಲಿ ನನ್ನ ಕಣ್ಣೆದುರಿಗೇ ಅದರ ಸಸ್ಪೆನ್ಷನ್ ಬಿಚ್ಚಿ ಕಟ್ಟಿದ್ದಳು. ನ್ಯಾವಿಗೇಟರ್ ಅವಳ ಅಣ್ಣ ನಿಂಗರಾಜು. ಇಂಗ್ಲಿಷಿನ ರೂಢಿಯ ಪದಗಳನ್ನು ಬಿಟ್ಟು, ದನ ಹೊಡೆಯುವ ದನಿಯಲ್ಲಿ, ಊರ ಮಾತಿನಲ್ಲೇ ಅವನು ದಾರಿ ಕೂಗುತ್ತಿದ್ದ. ನಮ್ಮ ಸೀಮೆಯವರು ಗೆದ್ದು ಬಹಳ ಕಾಲವಾಗಿತ್ತು. ಕಬ್ಬಿನ ಹೊರೆ ಪ್ರತಿ ವರ್ಷ ಮೈಸೂರಿಗೋ ಬೆಂಗಳೂರಿಗೋ ಕೊಯಮತ್ತೂರಿಗೋ ಹೋಗುತ್ತಿತ್ತು.

ಆ ಬೆಳಿಗ್ಗೆ ಮದ್ದೂರಿನಲ್ಲಿ ಕಾರುಗಳು ಚಕ್ರ ಬದಲಿಸಲು ನಿಂತಾಗ ನಾನೂ ಅಲ್ಲಿದ್ದೆ. ನಿಂಗರಾಜು ಟೀ ಹಿಡಿದು ಬಂದ.

“ನಮ್ ಗದ್ದೇಲಿ ಎಕ್ರೆಗಟ್ಲೆ ಕಬ್ಬದೆ ಮೇಸ್ಟ್ರೆ. ಇವ್ಳು ಆ ಒಂದ್ ವರೆ ಕಬ್ಬಿಗೆ ಸಾಯ್ತಾವ್ಳೆ.”

ಭಾಗ್ಯ ಜಾಕಿಯಿಂದ ತಲೆ ಎತ್ತಲಿಲ್ಲ. “ಗದ್ದೆ ಕಬ್ಬು ಫ್ಯಾಕ್ಟ್ರಿಗೆ ಓಯ್ತದೆ. ಅದು ನಮ್ಮನೆ ಬಾಗ್ಲಿಗೆ ಬರ್ಬೇಕು. ನೀನು ಟೀ ಕುಡುದ್ ಮುಗ್ಸು, ಗಂಟ್ಲು ಸರಿ ಮಾಡ್ಕ.”

ಕೊನೆಯ ಸ್ಟೇಜಿಗೆ ಬರುವಾಗ ಅವರು ಎರಡನೆಯ ಸ್ಥಾನದಲ್ಲಿದ್ದರು. ಮೊದಲನೆಯದು ಕೊಯಮತ್ತೂರಿನ ಜೋಡಿ, ನಾಲ್ಕು ಸೆಕೆಂಡು ಮುಂದೆ. ಮುಂದಿರುವವರನ್ನು ಕೊನೆಗೆ ಬಿಡುವುದು ನಮ್ಮ ಪದ್ಧತಿ. ಭಾಗ್ಯಳ ಕಾರು ಕೊನೆಯದಕ್ಕಿಂತ ಒಂದು ಮುಂಚೆ.

ನನ್ನ ಜೊತೆ ಪೋಸ್ಟಿನಲ್ಲಿ ವಾಕಿಟಾಕಿ ಹಿಡಿದಿದ್ದವರು ಜವರಾಯಿ. ಅದೇ ಏರಿಯ ಕೆಳಗೆ ಗದ್ದೆ ಇದ್ದ, ಐವತ್ತು ದಾಟಿದ ರೈತ. ನಾಲೆಯೊಳಗೆ ಕೂತ ಜನರ ನಡುವೆ ಆಗಲೇ ಒಂದು ಮಾತು ಹರಿದಾಡುತ್ತಿತ್ತು.

“ಮೇಲ್ಗಡೆ ನೀರು ಬುಟ್ಟವ್ರಂತೆ ಕಣ್ಲಾ.”

“ಬುಟ್ರೆ ಮೇಲ್ಗಡೆಯವ್ರೇ ಕುಡ್ಕತಾರೆ. ನಮ್ಗೆ ಯಾವತ್ ಬಂದಿತ್ತು? ಕೂತ್ಕ.”

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನು ಹೊರಗಿನವರಿಗೆ ಬಿಡಿಸಿ ಹೇಳಬೇಕು. ಪೂರಿಗಾಲಿ ಕಡೆಯದು ನಾಲೆಯ ಕೊನೆ ಭಾಗ. ಮೇಲಿನ ಊರುಗಳಲ್ಲಿ ಪೈರು ಒಣಗುತ್ತಿದೆ ಎಂದು ನೀರು ಬಿಟ್ಟರೆ ಅದು ಮೇಲೆಯೇ ಮುಗಿಯುತ್ತದೆ, ನಮ್ಮವರೆಗೆ ಬರುವುದಿಲ್ಲ. ವರ್ಷಗಟ್ಟಲೆ ಹಾಗೇ ಆಗಿತ್ತು. ಬಿಟ್ಟವರದೂ ತಪ್ಪಲ್ಲ, ಮುಚ್ಚಿಟ್ಟದ್ದೂ ಅಲ್ಲ. ಸುದ್ದಿ ನಮ್ಮೆಲ್ಲರ ಕಿವಿಗೆ ಬಿದ್ದಿತ್ತು. ನಂಬಿದವರು ಒಬ್ಬರೂ ಇರಲಿಲ್ಲ.

ಮೊದಲು ಕಂಡದ್ದು ಬೆಳ್ಳಕ್ಕಿಗಳು. ನಾಲೆಯೊಳಗೆ ಐದಾರು ಬೆಳ್ಳಕ್ಕಿ ಹಾರುವುದು, ಕೂರುವುದು, ಮತ್ತೆ ಹಾರುವುದು ಮಾಡುತ್ತ ನಮ್ಮ ಕಡೆಗೇ ಬರುತ್ತಿದ್ದವು. ಅವು ಹುಳ ಹೆಕ್ಕುತ್ತಿದ್ದವು. ಅವುಗಳ ಹಿಂದೆ ಒಣಗಿದ ಹೊಂಗೆ ಎಲೆಗಳ ಒಂದು ಸಾಲು ತಾನಾಗಿ ಸರಿಯುತ್ತಿತ್ತು. ಗುಡಿಸುವ ಪೊರಕೆಯಂಥ ಸದ್ದು. ಎಲೆಯ ಹಿಂದೆ ಕಂದು ನೊರೆ, ನೊರೆಯ ಹಿಂದೆ ನೀರು.

ಅದೇ ಹೊತ್ತಿಗೆ ವಾಕಿಟಾಕಿಯಲ್ಲಿ ಸ್ಟೇಜಿನ ನಡುವಿನ ಪೋಸ್ಟಿನವನ ದನಿ ಬಂತು. “ಭಾಗ್ಯ ಪಾಸಾದ್ಲು. ಇದ್ವರ್ಗೂ ಬಂದೋರೆಲ್ರ ಮೇಲೆ ಆರು ಸೆಕೆಂಡು ಕಿತ್ಕಂಡವ್ಳೆ. ಎಂಗ್ ಓಡುಸ್ತಾವ್ಳೆ ಅಂತೀರಿ!”

ಕೊಯಮತ್ತೂರಿನವರು ಇನ್ನೂ ಓಡಬೇಕಿತ್ತು; ಆದರೂ ಈ ಲೆಕ್ಕದಲ್ಲಿ ನಾಲ್ಕು ಸೆಕೆಂಡಿನ ಹಿಂದುಳಿಕೆ ತೀರುವಂತಿತ್ತು. ನಡುವಿನ ಪೋಸ್ಟಿನಿಂದ ನಮ್ಮ ತಿರುವಿಗೆ ಒಂದೂವರೆ ನಿಮಿಷದ ದಾರಿ.

ನೀರು ಆಳು ನಡೆಯುವ ವೇಗದಲ್ಲಿ ಬರುತ್ತಿತ್ತು. ಯಾರನ್ನೂ ಕೊಚ್ಚಿಕೊಂಡು ಹೋಗುವ ನೀರಲ್ಲ. ನಾನು ಸೀಟಿ ಊದಿ, “ಅಲ್ಲೇ ಇರಿ, ಮೇಲೆ ಹತ್ತಬೇಡಿ” ಎಂದು ಕೂಗಿದೆ. ಕಾಲಿಗೆ ನೀರು ಬಂದಾಗ ಮೇಲೆ ಹತ್ತಬೇಡಿ ಎಂದರೆ ಯಾರು ಕೇಳುತ್ತಾರೆ? ಚಾಪೆ ಸುತ್ತಿದರು, ಬುತ್ತಿ ಎತ್ತಿದರು, ಕಲ್ಲು ಹಿಡಿದು ಹತ್ತತೊಡಗಿದರು. ಹತ್ತಿದರೆ ಇದ್ದದ್ದು ಅದೊಂದೇ ರಸ್ತೆ. ಆಚೆ ಮುಳ್ಳುಬೇಲಿ. ನಾನು ಹೆದರಿದ್ದು ನೀರಿಗಲ್ಲ.

ತಿರುವಿನಾಚೆ ಒಬ್ಬ ಹೆಂಗಸು ತನ್ನ ಮಗುವನ್ನು ಎರಡೂ ಕೈಯಲ್ಲಿ ಎತ್ತಿ ರಸ್ತೆಯ ಮೇಲೆ ಕೂರಿಸಿದಳು. ಆಮೇಲೆ ತಾನು ಹತ್ತಲು ಕಲ್ಲಿಗೆ ಕೈ ಹಾಕಿದಳು. ಹಸಿರು ಉಲ್ಲನ್ ಟೋಪಿ ಹಾಕಿದ್ದ ಹೆಣ್ಣುಮಗು. ಅದು ಕೈಗೆ ಮಣ್ಣು ತೆಗೆದುಕೊಂಡು ನೋಡುತ್ತಿತ್ತು.

ಜವರಾಯಿಗೆ, “ಹಿಂದಿನ ಕಾರು ಬಿಡಬೇಡಿ ಅಂತ ಹೇಳಿ” ಎಂದು ನಾನು ಎಡಕ್ಕೆ, ಕಾರು ಬರುವ ದಿಕ್ಕಿಗೆ ಓಡಿದೆ. ಕೋಲಿಗೆ ಸುತ್ತಿದ ಕೆಂಪು ಬಾವುಟ ತಕ್ಷಣ ಬಿಚ್ಚಿಕೊಳ್ಳಲಿಲ್ಲ, ಹಲ್ಲಿನಲ್ಲಿ ಎಳೆದೆ. ಹೊಂಗೆಮರಗಳ ಸಾಲು ದಾಟಿ ನೇರ ರಸ್ತೆಯ ನಡುವೆ ನಿಂತು ಬೀಸಿದೆ. ಇಂಜಿನ್ನಿನ ಸದ್ದು ಮೊದಲು ಬಂತು, ಆಮೇಲೆ ಧೂಳು, ಆಮೇಲೆ ಕಾರು. ಅಷ್ಟು ಚೆಂದದ ಸದ್ದನ್ನು ನಾನು ನನ್ನ ಉದ್ಯೋಗದಲ್ಲಿ ಕೇಳಿರಲಿಲ್ಲ. ಗೇರಿನಿಂದ ಗೇರಿಗೆ ಎಲ್ಲೂ ಮುರಿಯದ ಸದ್ದು. ಬಾವುಟ ಕಂಡದ್ದೇ ಅದು ಮುರಿಯಿತು. ಕಾರು ಎರಡು ಸಲ ಅಡ್ಡಾದಿಡ್ಡಿ ಜಾರಿ, ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿತು.

ಭಾಗ್ಯ ಹೆಲ್ಮೆಟ್ ತೆಗೆದಳು.

“ಯಾರ್ಗಾರ ಏನಾರ ಆಯ್ತಾ ಮೇಸ್ಟ್ರೆ?”

“ಇಲ್ಲ ಕಣಮ್ಮ.”

“ಏನೂ ಆಗಿಲ್ವಾ?”

“ಏನೂ ಆಗಿಲ್ಲ.”

ಅವಳು ಇಳಿದು ತಿರುವಿನವರೆಗೆ ನಡೆದಳು. ಅಲ್ಲಿ ರಸ್ತೆಯ ಮೇಲೆ ಜನ ಸೀರೆ ಪಂಚೆ ಹಿಂಡಿಕೊಳ್ಳುತ್ತಿದ್ದರು. ಮಗು ಅಷ್ಟರಲ್ಲಿ ತಾಯಿಯ ಸೊಂಟದ ಮೇಲಿತ್ತು. ಜವರಾಯಿ ವಾಕಿಟಾಕಿಯನ್ನು ನನ್ನ ಕೈಗೆ ತುರುಕಿ, “ಇದ ಇಡ್ಕಳಿ, ನೀರು ತಿರುಗುಸ್ಬುಟ್ಟು ಬತ್ತೀನಿ, ಮತ್ತೆ ಯಾವತ್ ಬಂದದೋ” ಎಂದು ಗುದ್ದಲಿ ತರಲು ಓಡಿದರು. ಇನ್ನೂ ಕೆಲವರು ಓಡಿದರು. ಕೊನೆ ಭಾಗಕ್ಕೆ ನೀರು ಬಂದಿತ್ತಲ್ಲ. ಅರ್ಧ ಜನ ಭಯದಲ್ಲಿದ್ದರೆ ಅರ್ಧ ಜನ ಸಂಭ್ರಮದಲ್ಲಿದ್ದರು.

ಭಾಗ್ಯ ನೀರನ್ನು ನೋಡಿದಳು. ಮೊಣಕಾಲುದ್ದ ಇತ್ತು. ಅದಕ್ಕಿಂತ ಹೆಚ್ಚಾಗಲೂ ಇಲ್ಲ. ಕಲ್ಲು ಹಿಡಿದು ಇಳಿದು, ಬೊಗಸೆಯಲ್ಲಿ ಆ ಕೆಂಪು ನೀರು ತೆಗೆದು ಮುಖ ತೊಳೆದುಕೊಂಡಳು.

ನಿಂಗರಾಜು ಹತ್ತಿರ ಬಂದು ಅವಳ ಹೆಲ್ಮೆಟ್ ಕೈಗೆ ಕೊಟ್ಟ. “ಓಗ್ಲಿ ಬುಡವ್ವ. ಬರೋ ವರ್ಸ ಇದೇ ತಿರುವ್ನಲ್ಲಿ ಮೇಸ್ಟ್ರಿಗೆ ದೂಳ್ ಕುಡುಸ್ಮ.”

ಸ್ಟೇಜ್ ಮಧ್ಯದಲ್ಲಿ ನಿಂತರೆ, ಮತ್ತು ಒಂದು ಕಾರು ಓಡುವುದು ಬಾಕಿ ಇದ್ದರೆ, ಆ ಸ್ಟೇಜ್ ಎಲ್ಲರಿಗೂ ರದ್ದು. ಹಿಂದಿನ ಲೆಕ್ಕವೇ ಫಲಿತಾಂಶ. ಕಬ್ಬಿನ ಹೊರೆ ಕೊಯಮತ್ತೂರಿಗೆ ಹೋಯಿತು.

ಸಂಜೆಯಿಂದಲೇ ಮಾತು ಶುರುವಾಯಿತು. ಮೊಣಕಾಲುದ್ದ ನೀರಿಗೆ ರ‍್ಯಾಲಿ ನಿಲ್ಲಿಸಿಬಿಟ್ಟ ಎಂದರು. ಕಾರಿನ ಸದ್ದು ಕೇಳಿದ್ದರೆ ನಾವೇ ಪಕ್ಕಕ್ಕೆ ಸರಿಯುತ್ತಿದ್ದೆವು ಎಂದರು. ಇರಬಹುದು. ಮಗುವನ್ನು ತಾಯಿ ಅಷ್ಟರಲ್ಲಿ ಎತ್ತಿಕೊಂಡಿದ್ದದ್ದು ನಿಜ. ಬಾವುಟ ಬೀಸದೆ ಇದ್ದಿದ್ದರೆ ಏನಾಗುತ್ತಿತ್ತು ಎಂದು ನನಗೆ ಗೊತ್ತಿಲ್ಲ. ಅದೇ ಹೊತ್ತು ಮತ್ತೆ ಬಂದರೆ ಮತ್ತೆ ಬೀಸುತ್ತೇನೆ ಎಂಬುದು ಮಾತ್ರ ಗೊತ್ತು. ಆದರೂ ಆ ಸದ್ದು ಮುರಿದದ್ದು ಈಗಲೂ ಕಿವಿಯಲ್ಲಿದೆ.

ಬರೋ ವರ್ಷ ಬರಲಿಲ್ಲ. ಲಾಕ್‌ಡೌನ್ ಬಂತು. ಅದರ ಮರುವರ್ಷದ ಕೊರೊನಾ ಅಲೆಯಲ್ಲಿ ನಿಂಗರಾಜು ಮಂಡ್ಯದ ಒಂದು ಆಸ್ಪತ್ರೆಯಲ್ಲಿ ತೀರಿಕೊಂಡ. ಕ್ಲಬ್ಬಿನವರು ಚದುರಿದರು. ನಾನು ನಿವೃತ್ತನಾದೆ. ಏರಿಯ ಮೇಲೆ ಡಾಂಬರು ಬಿತ್ತು, ನಾಲೆಗೆ ಕಾಂಕ್ರೀಟು. ಫೆಬ್ರುವರಿಯ ಭಾನುವಾರಗಳಲ್ಲಿ ನಾನು ಬಸ್ಸು ಹತ್ತಿ, ದೊಡ್ಡ ರಸ್ತೆಯಲ್ಲಿ ಇಳಿದು, ಅಲ್ಲಿಗೆ ನಡೆದು ಹೋಗಿ ಕಲ್ಲುಕಟ್ಟೆಯ ಹಿಂದೆ ನಿಲ್ಲುವುದುಂಟು. ಬೈಕುಗಳು ಹೋಗುತ್ತವೆ, ಹುಲ್ಲಿನ ಗಾಡಿ ಹೋಗುತ್ತದೆ. ಯಾರನ್ನು ಕಾಯುತ್ತಿದ್ದೀರಿ ಎಂದು ಒಬ್ಬರು ಕೇಳಿದರು. ಬಸ್ಸು ಎಂದೆ. ಆ ರಸ್ತೆಗೆ ಬಸ್ಸು ಬರುವುದಿಲ್ಲ.

ಕಳೆದ ಸಲ ಹಾಗೆ ನಿಂತಿದ್ದಾಗ ಒಂದು ಗೂಡ್ಸ್ ಗಾಡಿ ಬಂದು ನಿಂತಿತು. ಓಡಿಸುತ್ತಿದ್ದವಳು ಭಾಗ್ಯ. ಹಿಂದೆ ಬೆಲ್ಲದ ಮೂಟೆಗಳಿದ್ದವು.

“ಅತ್ಕಳಿ ಮೇಸ್ಟ್ರೆ, ಬುಡ್ತೀನಿ.”

ಹತ್ತಿ ಕೂತೆ, ಅವಳ ಎಡಕ್ಕೆ, ನಿಂಗರಾಜು ಕೂರುತ್ತಿದ್ದ ಕಡೆ. ಅವಳು ಗಾಡಿ ಹೊರಡಿಸಲಿಲ್ಲ. ರಿವರ್ಸ್ ಹಾಕಿ, ಹೊಂಗೆಮರಗಳಾಚೆ ನಾನು ಬಾವುಟ ಬೀಸಿದ್ದ ಜಾಗದವರೆಗೆ ಹಿಂದೆ ಹೋದಳು. ಆಮೇಲೆ ಮುಂದಕ್ಕೆ ಬಿಟ್ಟಳು. ವೇಗವೇನೂ ಇರಲಿಲ್ಲ. ತೆರೆದ ರಸ್ತೆ, ಹಿಂದೆ ಬೆಲ್ಲ. ತಿರುವು ಹತ್ತಿರ ಬಂದಾಗ ಗಟ್ಟಿಯಾಗಿ, ದನ ಹೊಡೆಯುವ ದನಿಯಲ್ಲಿ, ತಾನೇ ಕೂಗಿದಳು:

“ಬಲಕ್ ನಾಕು, ವಂಗೆ ಮರ, ತೂಬು, ಬುಡ್ಬ್ಯಾಡ, ಬುಡ್ಬ್ಯಾಡ... ಈಗ್ ಬುಡು!”

ತಿರುವು ದಾಟಿದೆವು. ಆಚೆ ರಸ್ತೆ ಖಾಲಿಯಿತ್ತು. ಪೂರಿಗಾಲಿಯಲ್ಲಿ ಅವಳು ನನ್ನನ್ನು ಇಳಿಸಿದಳು.

ಆದ ಅಪಘಾತಕ್ಕೆ ಒಡೆದ ಗಾಜು, ಪೊಲೀಸರ ಸೀಮೆಸುಣ್ಣದ ಗೆರೆ, ಏನಾದರೂ ಉಳಿಯುತ್ತದೆ. ಆಗದೇ ಹೋದದ್ದಕ್ಕೆ ಏನೂ ಉಳಿಯುವುದಿಲ್ಲ. ಅದನ್ನು ತಡೆಯಲು ಯಾರೋ ಬಿಟ್ಟುಕೊಟ್ಟದ್ದು ಮಾತ್ರ ಉಳಿಯುತ್ತದೆ. ಬಾವುಟ ಹಿಡಿಯುವ ಕೆಲಸ ನನಗೆ ಕಲಿಸಿದ್ದು ಇಷ್ಟು. ಅದಕ್ಕೇ ಅಂದು ಕಣ್ಣಾರೆ ಕಂಡವರ ಹೆಸರು ಹೇಳಿ ನಿಲ್ಲಿಸುತ್ತೇನೆ. ವಾಕಿಟಾಕಿ ಹಿಡಿದಿದ್ದ ಜವರಾಯಿ ಇದ್ದಾರೆ. ಆ ದಿನ ಹರಿದ ನೀರಿನಿಂದ ಗದ್ದೆಯ ಒಂದು ತಾಕು ನೆನೆಯಿತು ಎಂದು ಇನ್ನೂ ಹೇಳುತ್ತಾರೆ. ಮಗುವನ್ನು ರಸ್ತೆಗೆ ಎತ್ತಿ ಕೂರಿಸಿದ ಮಹದೇವಿ ಪೂರಿಗಾಲಿಯಲ್ಲಿದ್ದಾಳೆ. ಹಸಿರು ಟೋಪಿಯ ಮಗು ಶಾಲೆಗೆ ಹೋಗುತ್ತದೆ; ಅದಕ್ಕೆ ಏನೂ ನೆನಪಿಲ್ಲ. ನಾನಿದ್ದೇನೆ. ಭಾಗ್ಯ ಇದ್ದಾಳೆ.