ಅಪ್ಪನ ದನಿಯಲ್ಲಿ ನಿಲ್ಲಿಸಿದ ಲಿಫ್ಟು

ತಪ್ಪು ನನ್ನದು. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಊರ ಮಂದಿಯ ದನಿ ತೆಗೆದು ನಗಿಸುತ್ತ ನಗಿಸುತ್ತ ಅದನ್ನು ಬೇರೆಯವರ ತಲೆಗೆ ಕಟ್ಟಿಬಿಡುವವನು ನಾನು. ಗಜೇಂದ್ರಗಡ ಬಸ್ಸಿನ ಕಂಡಕ್ಟರ್ ಮೂಗಿನಲ್ಲಿ ಕೂಗುವುದು, ಕಡಲಿ ವ್ಯಾಪಾರದ ಸಾಹುಕಾರರು ದರ ಹೇಳುವ ಮುಂಚೆ ಕೆಮ್ಮುವುದು, ಎಲ್ಲ ನನ್ನ ಗಂಟಲಲ್ಲಿದ್ದವು. ನನ್ನದೇ ದನಿ ಅವುಗಳ ಅಡಿಯಲ್ಲಿ ಎಲ್ಲೋ ಬಿದ್ದಿತ್ತು. ಹುಡುಕುವ ಪುರಸೊತ್ತಿರಲಿಲ್ಲ.

ರೋಣದಲ್ಲಿ ನಮ್ಮ ಹಿತ್ತಲ ಶೆಡ್ಡೇ ಅಪ್ಪನ ಗ್ಯಾರೇಜು. ಕಾರಿನ ಕೆಳಗಿನ ಕೆಲಸಕ್ಕೆ ನೆಲದಲ್ಲೊಂದು ತಗ್ಗು. ಅದರೊಳಗೆ ಬೆನ್ನು ಬಾಗಿಸಿ, ಕತ್ತು ಮೇಲೆತ್ತಿ ಅಪ್ಪ ಇಪ್ಪತ್ತು ವರ್ಷ ಕಳೆದಿದ್ದ. ಮಳೆಗಾಲದಲ್ಲಿ ಕಪ್ಪು ಎರಿ ಮಣ್ಣಿನ ನೀರು ಬಸಿದು ಮೊಣಕಾಲಿನವರೆಗೂ ಕೆಸರು. ಗದಗಿನ ಡಾಕ್ಟರು "ಇನ್ನ ತಗ್ಗಿನ್ಯಾಗ ಇಳದ್ರ ನಿಮ್ಮ ಬೆನ್ನ ನೆಟ್ಟಗಾಗೂದಿಲ್ರಿ" ಅಂದ ಮೇಲೆ ಅಪ್ಪ ಹುಬ್ಬಳ್ಳಿಯಿಂದ ಲಿಫ್ಟು ತರಿಸಲು ಮನಸ್ಸು ಗಟ್ಟಿ ಮಾಡಿದ. ಎರಡು ಕಬ್ಬಿಣದ ಕಂಬ, ನಾಲ್ಕು ತೋಳು. ಅದು ಕಾರನ್ನು ಆಳೆತ್ತರಕ್ಕೆ ಎತ್ತಿ ಹಿಡಿದರೆ ಕೆಳಗೆ ನೆಟ್ಟಗೆ ನಿಂತು ಕೆಲಸ ಮಾಡಬಹುದು.

ತಗ್ಗು ಮುಚ್ಚಿಸಿ, ಕಂಬಗಳ ಜಾಗದಲ್ಲಿ ಕಾಂಕ್ರೀಟು ಹಾಕಿಸಿದ. ತಿಂಗಳು ತುಂಬುವವರೆಗೆ ಹಸಿ ಗೋಣಿಚೀಲ ಹೊದಿಸಿ ನೀರುಣಿಸಬೇಕು, ಆಮೇಲೆ ಬೋಲ್ಟು. ನೀರುಣಿಸುವ ಕೆಲಸ ನನ್ನದು.

ಹತ್ತನೆಯ ದಿನ ಅಪ್ಪ ಯಾರದೋ ಜೀಪು ಕೆಟ್ಟಿತೆಂದು ನರಗುಂದಕ್ಕೆ ಹೋಗಿದ್ದಾಗ ಮನೆಗೆ ಫೋನು ಬಂತು. ಹುಬ್ಬಳ್ಳಿಯ ಫಿಟ್ಟರ್.

"ನಾಡಿದ್ದ ಗಜೇಂದ್ರಗಡಕ್ಕ ಬರಾಕತ್ತೀನ್ರಿ. ಕಾಂಕ್ರೀಟಿಗೆ ತಿಂಗಳಾಗಿದ್ರ ನಿಮ್ಮದೂ ನಿಲ್ಲಿಸಿ ಹೋಗ್ತೀನಿ. ಇಲ್ಲಂದ್ರ ಮಳಿಗಾಲ ಮುಗದ ಮ್ಯಾಲ."

ನಾನು ಅಪ್ಪನ ಹಾಗೆ ಗಂಟಲು ಸರಿಮಾಡಿಕೊಂಡೆ. ಅಪ್ಪನ ಹಾಗೆ ಎಳೆದೆ. "ತಿಂಗಳ ಮ್ಯಾಲ ನಾಕ ದಿನ ಆತ್ರಿ. ಕಲ್ಲಾಗೇತಿ. ಬರ್ರಿ."

ಅಪ್ಪನ ಬೆನ್ನಿಗಾಗಿ ಹಾಗೆಂದೆ ಅಂತ ಬರೆದರೆ ಚೆಂದ ಕಾಣುತ್ತದೆ. ಖರೇ ಎಂದರೆ, ದನಿ ಅಷ್ಟು ಚಲೋ ಬಂದಿತ್ತು, ನಿಲ್ಲಿಸಲು ಮನಸ್ಸಾಗಲಿಲ್ಲ.

ಅಪ್ಪನಿಗೆ ಸುದ್ದಿ ಹೇಳಲಿಲ್ಲ, ಬೆರಗುಗೊಳಿಸುವ ಹುಚ್ಚು. ಓಣಿಗೆಲ್ಲ ಮಾತ್ರ ಹೇಳಿದೆ. ಫಿಟ್ಟರ್ ಬರುವ ದಿನ ಬೆಳಿಗ್ಗೆ ಗೋಣಿಚೀಲಗಳನ್ನು ಕಿತ್ತು ಹಿಂದಿನ ಗೋಡೆಯ ಮೇಲೆ ಎಸೆದೆ. ಫಿಟ್ಟರ್ ಲಾರಿಯಿಂದ ಕಂಬ ಇಳಿಸಿ, ಕಾಂಕ್ರೀಟನ್ನು ಬೂಟುಗಾಲಿನಿಂದ ತಟ್ಟಿ ಅಪ್ಪನನ್ನು ಕೇಳಿದ: "ತಿಂಗಳಾತು ಅಂದಿದ್ರಿ. ಹೌದಲ್ರಿ?"

ಅಪ್ಪ ಗೋಡೆಯ ಕಡೆ ನೋಡಿದ. ಚೀಲಗಳಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ನನ್ನನ್ನು ನೋಡಿದ. ಸಾಹುಕಾರರು, ಓಣಿಯ ಹತ್ತು ಮಂದಿ ಚಾ ಕುಡಿಯುತ್ತ ನಿಂತಿದ್ದರು. ಅವರೆದುರು ಮಗನನ್ನು ಸುಳ್ಳುಗಾರ ಮಾಡುವುದು ಅವನಿಂದಾಗಲಿಲ್ಲ.

"ಹೌದ್ರಿ," ಅಂದ. "ನಾನ ಹೇಳಿದ್ದೆ."

ಆ ಸುಳ್ಳು ಅವನ ಬಾಯಲ್ಲಿ ಚೂರೂ ಒಪ್ಪಲಿಲ್ಲ. ನಾನೇ ಚೆನ್ನಾಗಿ ಹೇಳಿದ್ದೆ.

ಕಾಯಿ ಒಡೆದರು. ಸಾಹುಕಾರರ ಅಂಬಾಸಿಡರ್ ಮೇಲೇರಿತು. ಅಪ್ಪ ಅದರ ಕೆಳಗೆ ಹೋಗಿ ನೆಟ್ಟಗೆ ನಿಂತ. ಅವನು ಅಷ್ಟು ಎತ್ತರದವನೆಂದು ನನಗೆ ಗೊತ್ತೇ ಇರಲಿಲ್ಲ.

ಆ ಎತ್ತರ ಆರು ವಾರ ಬಾಳಿತು. ಮೂರು ದಿನ ಹಿಡಿದ ಮಳೆಯಲ್ಲಿ ಎರಿ ಮಣ್ಣು ಉಬ್ಬಿತು, ಹಸಿಯಲ್ಲೇ ಬೋಲ್ಟು ಬಿಗಿದಿದ್ದ ಕಾಂಕ್ರೀಟು ಸೀಳಿತು. ಮೇಲೆ ಕಾರಿತ್ತು, ಕೆಳಗೆ ಅಪ್ಪ. ಚಟ್ ಎಂದ ಸದ್ದಿಗೆ ಅವನು ಹೊರಗೆ ಹಾರಿದ. ಕಂಬ ವಾಲಿ, ಕಾರು ಗೋಡೆಗೆ ಭುಜ ಕೊಟ್ಟು ನಿಂತಿತು. ರಕ್ತ ಬರಲಿಲ್ಲ. ಹಾರಿದ ಅಪ್ಪನ ಬೆನ್ನು ಮಾತ್ರ ಮತ್ತೆ ಹಿಡಿದುಕೊಂಡಿತು.

ಫಿಟ್ಟರ್ ಬರಲಿಲ್ಲ. ಫೋನಿನಲ್ಲಿ ಅಂದ: "ತಿಂಗಳಾಗೇತಿ ಅಂತ ನಿಮ್ಮ ಬಾಯಿಂದನ ಎರಡ ಸಲ ಕೇಳೀನ್ರಿ. ಇನ್ನ ನಂದೇನೈತಿ?"

ಅಪ್ಪ ಫೋನಿಟ್ಟ.

ಈಗ ಆ ಕಂಬಗಳ ನಡುವೆ ಅವ್ವ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾಳೆ. "ಊರಾಗ ಯಾರಿಗೈತಿ ಇಂಥಾ ವಲ್ಲಿ ಒಣಗಿಸೂ ಮಷೀನು?" ಅಂತ ನಾನೇ ಹಾಸ್ಯ ಮಾಡಿದ್ದೆ. ಅವ್ವ ನಗಲಿಲ್ಲ. ಅಪ್ಪ ಕಂಬಗಳ ಪಕ್ಕದಲ್ಲೇ ಹಾರೆ ಹಿಡಿದು ಹೊಸ ತಗ್ಗು ತೋಡಿದ. ನಾನು ಹಾರೆಗೆ ಕೈ ಚಾಚಿದರೆ ಬಿಡಲಿಲ್ಲ.

ತಗ್ಗಿಗೆ ಇಳಿದ ಮೊದಲ ದಿನ, ಜೀಪಿನ ಅಡಿಯಿಂದ ಅವನ ಬಾಗಿದ ಬೆನ್ನಷ್ಟೇ ಕಾಣುತ್ತಿತ್ತು. ಅಂಚಿಗೆ, ಬೋಲ್ಟು ಬಿಚ್ಚುವ ಪಾನಾಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಯಾರ ದನಿಯನ್ನೂ ತೆಗೆಯದೆ ಹೇಳಿದೆ: "ಯಪ್ಪಾ, ತಪ್ಪಾತು. ಮಾಫ್ ಮಾಡು."

ಅವನು ತಲೆಯೆತ್ತಲಿಲ್ಲ. ಕೈಯನ್ನಷ್ಟೇ ಮೇಲೆ ಚಾಚಿದ.

"ನನ್ನ ದನಿಯಾಗ ಎರಡ ಸುಳ್ಳ ಆಗ್ಯಾವು. ಒಂದು ನೀ ಹೇಳಿದ್ದು, ಒಂದು ನಾ ಹೇಳಿದ್ದು. ನಂದನ್ನ ನಾ ಇನ್ನೂ ಮಾಫ್ ಮಾಡಿಲ್ಲ, ನಿಂದೆಲ್ಲಿ ಮಾಡ್ಲಿ? ಹದಿನಾಕರ ಪಾನಾ ಕೊಡು."