ಹರವಿಗೆ ಹಾಕಿದ ಮಾಲೆ

ಇಚಲಕರಂಜಿಯ ಬಾಬಾಸಾಹೇಬರ ಶೆಡ್ಡಿನಲ್ಲಿ ಇಪ್ಪತ್ನಾಲ್ಕು ವಿದ್ಯುತ್ ಮಗ್ಗಗಳಿವೆ. ಅಷ್ಟರಲ್ಲಿ ಯಾವುದಕ್ಕೆ ಹೊಟ್ಟೆನೋವು ಎದ್ದಿದೆ ಎಂಬುದನ್ನು ತಮ್ಮಣ್ಣ ಬಾಗಿಲಾಚೆ ಚಪ್ಪಲಿ ಬಿಡುವಾಗಲೇ ಹೇಳಿಬಿಡುತ್ತಿದ್ದ. ಅವನು ಆ ಶೆಡ್ಡಿನ ಜಾಬರ್. ಜಾಬರ್ ಅಂದರೆ ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುವವನು, ಮಗ್ಗಗಳ ಡಾಕ್ಟರ್ ಅಂದರೂ ನಡೆದೀತು. ಬನಹಟ್ಟಿಯಿಂದ ಇಪ್ಪತ್ತನೆಯ ವಯಸ್ಸಿಗೆ ಒಂದು ಕೈಚೀಲ ಹಿಡಿದುಕೊಂಡು ಬಂದವನು, ಈಗ ಅರವತ್ತೆರಡು. ಎಡಗಣ್ಣಿಗೆ ಮೋತಿಬಿಂದು, ಅಂದರೆ ಪೊರೆ, ಇಳಿದಿತ್ತು. ಕಿವಿ ಮಾತ್ರ ಹಾವಿನ ಕಿವಿ.

ಅವನಿಗೆ ಜಗತ್ತಿನಲ್ಲಿ ಒಂದೇ ಒಂದು ವೈರಿ: ಮಾವಾ. ಅಡಿಕೆ, ತಂಬಾಕು, ಸುಣ್ಣ ಸೇರಿಸಿ ತಿಕ್ಕಿ ಬಾಯಿಗೆ ಹಾಕಿಕೊಂಡು, ಗೋಡೆಯ ಮೂಲೆ ನೋಡಿ ಪಿಚಕ್ಕನೆ ಉಗುಳುವವರನ್ನು ಕಂಡರೆ ಅವನ ಮೈ ಉರಿಯುತ್ತಿತ್ತು. ಮೂಲೆಗೆ ಸುಣ್ಣ ಬಳಿದು ನೋಡಿದ, ದೇವರ ಫೋಟೋ ಹಚ್ಚಿ ನೋಡಿದ. ಕಡೆಗೆ ಬೈಗುಳವೇ ಗಟ್ಟಿ ಮದ್ದು ಎಂದು ನಿಶ್ಚಯಿಸಿಕೊಂಡಿದ್ದ. ಶೆಡ್ಡಿನ ಜನ ಆ ಬೈಗುಳಕ್ಕೆ ನಗುತ್ತಿದ್ದರು. ಬೈಸಿಕೊಂಡವನು ಮಧ್ಯಾಹ್ನ ಅವನ ಬುತ್ತಿಯಿಂದಲೇ ಶೇಂಗಾ ಚಟ್ನಿಪುಡಿ ಕಿತ್ತುಕೊಂಡು ತಿನ್ನುತ್ತಿದ್ದ. ಹಾಗಾಗಿ ತನ್ನ ಬಾಯಿಯಿಂದ ಯಾರಿಗೂ ಗಾಯ ಆದದ್ದಿಲ್ಲ ಎಂದು ತಮ್ಮಣ್ಣ ನಂಬಿದ್ದ.

ಆ ನಂಬಿಕೆ ಹೋದ ವರ್ಷದ ಸೆಪ್ಟೆಂಬರ್ ಹದಿನೇಳರ ಬೆಳಿಗ್ಗೆ ಮುರಿಯಿತು.

ಅಂದು ಅವನು ಶೆಡ್ಡಿಗೆ ಬಂದಾಗ ಹನ್ನೊಂದನೆಯ ಮಗ್ಗದಿಂದ ಹದಿನಾಲ್ಕನೆಯದರವರೆಗೆ ನಾಲ್ಕೂ ನಿಂತಿದ್ದವು. ಅವು ರಾಜಕುಮಾರನ ಮಗ್ಗಗಳು. ರಾಜಕುಮಾರ ಬಿಹಾರದ ಕಡೆಯವನು, ಮೂವತ್ತರ ಒಳಗಿನ ಪ್ರಾಯ, ಹೋಳಿ ಮುಗಿದ ಮೇಲೆ ಕೆಲಸಕ್ಕೆ ಸೇರಿದವನು. ಅರ್ಧ ಹಿಂದಿ, ಕಾಲು ಮರಾಠಿ, ಉಳಿದ ಕಾಲು ಈ ಶೆಡ್ಡಿನಲ್ಲಿ ಹೆಕ್ಕಿಕೊಂಡ ಕನ್ನಡ. ತಮ್ಮಣ್ಣ ಹತ್ತಿರ ಹೋಗಿ ಬಗ್ಗಿ ನೋಡಿದ. ಮಗ್ಗದ ಬೀಡುಕಬ್ಬಿಣದ ಮೈಮೇಲೆ ಕಿತ್ತಳೆ ಬಣ್ಣದ ಕಲೆಗಳು, ಒಂದರ ಕೆಳಗೆ ಒಂದು, ಎಣ್ಣೆಯ ಜೊತೆ ಸೇರಿ ಹರಿದಿದ್ದವು. ಮೋತಿಬಿಂದು ಕಣ್ಣಿಗೆ ಅದು ಮಾವಾದ ಉಗುಳಾಗಿಯೇ ಕಂಡಿತು.

“ಏ ರಾಜಕುಮಾರ! ಹೆಸರು ನೋಡಿದ್ರ ರಾಜಾನ ಮಗಾ, ಉಗುಳೂದು ನೋಡಿದ್ರ ಮಗ್ಗದ ಮ್ಯಾಲ! ಗ್ವಾಡಿ ಸಾಲವಲ್ದೇನು ನಿನ್ನ ಬಾಯಿಗೆ?”

ಹಿಂದಿನ ಓಣಿಯ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದ ರಾಜಕುಮಾರ ಓಡಿ ಬರುವಷ್ಟರಲ್ಲಿ ತಮ್ಮಣ್ಣ ಸೀಮೆಎಣ್ಣೆಯ ಅರಿವೆಯಿಂದ ನಾಲ್ಕೂ ಮಗ್ಗಗಳನ್ನು ತಿಕ್ಕಿ ಒರೆಸಿ, ಸ್ವಿಚ್ ಒತ್ತಿ, ಒಂದೊಂದಾಗಿ ಹಚ್ಚಿಬಿಟ್ಟಿದ್ದ. ಲಾಳಿಗಳು ಟಕಟಕ ಓಡತೊಡಗಿದವು. ಆಚೀಚೆಯವರು ಎಂದಿನಂತೆ ನಕ್ಕರು. ರಾಜಕುಮಾರ ಮಾತ್ರ ನಗಲಿಲ್ಲ. ಮಗ್ಗದ ಬುಡದಲ್ಲಿ ಬಿದ್ದಿದ್ದ ಎರಡು ದಾಸವಾಳದ ಹೂವನ್ನು ಎತ್ತಿ ಕಿಸೆಯಲ್ಲಿಟ್ಟುಕೊಂಡು ಹೊರಗೆ ಹೋದ.

ಕಂಡಿಕೆ ಸುತ್ತುವ ಚೆನ್ನವ್ವ ಮೂಲೆಯಿಂದ ಎಲ್ಲ ನೋಡಿದ್ದಳು. ಇಪ್ಪತ್ತಾರು ವರ್ಷದಿಂದ ಲಾಳಿಯೊಳಗಿನ ನೂಲಿನ ಕಂಡಿಕೆ ಸುತ್ತುತ್ತಿರುವ ಹೆಂಗಸು, ತಮ್ಮಣ್ಣನ ಮುಖಕ್ಕೆ ಮುಖ ಕೊಟ್ಟು ಮಾತನಾಡುವ ಒಬ್ಬಳೇ ಒಬ್ಬಳು.

“ಏನ್ ಮಾಡಿದ್ರಿ ಮಾಮಾರ! ಅದು ಮಾವಾ ಅಲ್ಲರಿ, ಕುಂಕುಮ. ಅವರ ಕಡೆ ಕುಂಕುಮ ಹಂಗ ಕಿತ್ತಳೆ ಇರ್ತೈತಿ. ಇವತ್ತ ಅವರಿಗೆ ವಿಶ್ವಕರ್ಮನ ಪೂಜಿ. ಬೆಳಗಾ ಮುಂಜಾನೆ ಬಂದು ಮಗ್ಗ ತೊಳದು, ಕತ್ರಿ ಕೊಕ್ಕಿ ಇಟ್ಟು ಪೂಜಿ ಮಾಡ್ಯಾನ. ನಮ್ಮ ಖಂಡೆ ಪೂಜಿ, ಆಯುಧ ಪೂಜಿ ಇದ್ದಂಗ.”

ತಮ್ಮಣ್ಣನ ಕೈಯಲ್ಲಿ ಅರಿವೆ ಹಾಗೇ ಉಳಿಯಿತು. ಮೂಸಿ ನೋಡಿದ. ಸೀಮೆಎಣ್ಣೆಯ ವಾಸನೆಯ ಅಡಿಯಲ್ಲಿ ತುಪ್ಪದ ವಾಸನೆ ಇತ್ತು.

ಮಧ್ಯಾಹ್ನ ರಾಜಕುಮಾರ ತಿರುಗಿ ಬಂದು ಬಾಬಾಸಾಹೇಬರಿಗೆ ಒಂದೇ ಮಾತು ಹೇಳಿದ: ಈಗಿರುವ ಬೀಮುಗಳು ಇಳಿಯುವ ತನಕ ಇರುತ್ತೇನೆ, ಆಮೇಲೆ ಮುಂದಿನ ಗಲ್ಲಿಯ ಶೆಡ್ಡಿಗೆ ಹೋಗುತ್ತೇನೆ. ಬೀಮು ಅಂದರೆ ಹಾಸಿನ ನೂಲು ಸುತ್ತಿದ ಉರುಳೆ; ಆ ನೂಲು ನೇಯ್ದು ಮುಗಿದರೆ ಬೀಮು ಇಳಿಯಿತು ಎನ್ನುತ್ತಾರೆ. ಅರ್ಧ ನೇಯ್ದ ಬೀಮು ಬಿಟ್ಟು ಹೋಗುವವನನ್ನು ಇಚಲಕರಂಜಿಯಲ್ಲಿ ಯಾವ ಶೆಡ್ಡೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಲೆಕ್ಕ ಹಾಕಿದರೆ ಆ ನಾಲ್ಕು ಬೀಮು ಇಳಿಯಲು ಎರಡು ವಾರ ಬೇಕು. ತಮ್ಮಣ್ಣನಿಗೆ ಸಿಕ್ಕದ್ದು ಅಷ್ಟೇ ದಿನ.

ಇಷ್ಟು ವರ್ಷದಲ್ಲಿ ಕೂಲಿ ಸಾಲದೆ ಹೋದವರಿದ್ದರು, ಮದುವೆಯಾಗಿ ಹೋದವರಿದ್ದರು. ತನ್ನ ಮಾತಿನಿಂದ ನೊಂದು ಶೆಡ್ಡು ಬಿಟ್ಟವನು ಒಬ್ಬನೂ ಇರಲಿಲ್ಲ. ತಮ್ಮಣ್ಣನಿಗೆ ಅನ್ನ ರುಚಿಸದಾಯಿತು. ಅವನ ಹೆಂಡತಿ ಬಾಳಕ್ಕ, “ಒಂದ ಮಾತ ತಪ್ಪಾತು ಅನ್ನಾಕ ಏನ್ ಗಂಟಲದಾಗ ಮುಳ್ಳು ಸಿಕ್ಕೈತಿ?” ಎಂದಳು.

ಮುಳ್ಳು ಸಿಕ್ಕೇ ಇತ್ತು. ಅದಕ್ಕೇ ಅವನು ಸುತ್ತುದಾರಿ ಹಿಡಿದ. ಹದಿಮೂರನೆಯ ಮಗ್ಗದ ಹಳೇ ಕುಂಟು ತೆಗೆದು ಬೆಣ್ಣೆಯಂತೆ ಓಡುವ ಹಾಗೆ ಮಾಡಿಕೊಟ್ಟ. ರಾಜಕುಮಾರ “ಮೆಹರಬಾನಿ” ಎಂದು ಮುಖ ತಿರುಗಿಸಿದ. ತಮ್ಮಣ್ಣ ಅವನನ್ನು ಹಿಂದಿನ ಓಣಿಗೆ ಕರೆದುಕೊಂಡು ಹೋಗಿ ಸ್ಪೆಷಲ್ ಚಹಾ ಕೊಡಿಸಿದ. ರಾಜಕುಮಾರ ಕುಡಿದು, ಲೋಟ ಇಟ್ಟು ಎದ್ದುಹೋದ. ಒಂದು ಬೆಳಿಗ್ಗೆ ತಮ್ಮಣ್ಣ ತಾನೇ ಮನೆಯ ಕುಂಕುಮ ತಂದು ನಾಲ್ಕೂ ಮಗ್ಗಗಳಿಗೆ ಹಚ್ಚಿಟ್ಟ. ಅದನ್ನು ನೋಡಿ ಮಾತ್ರ ರಾಜಕುಮಾರನ ಬಾಯಿ ತೆರೆಯಿತು.

“ಜಾಬರ್‌ಜೀ, ಕುಂಕುಮದ್ದು ಬಾತ್ ಅಲ್ಲ. ಆ ದಿನ ನಮ್ಮ ಊರಾಗ ಒಂದ್ ಮೊಳಿ ಸಹ ಹೊಡೆಯಂಗಿಲ್ಲ. ನಮ್ಮ ಅಪ್ಪ ಬಡಿಗ. ಹತ್ಯಾರ ಎಲ್ಲಾ ತೊಳದು ಮಲಗಸ್ತಾನ. ವರ್ಷದಾಗ ಒಂದೇ ದಿನ ಅವಕ್ಕ ಆರಾಮ್. ನೀವು ಚಾಲೂ ಮಾಡಿದ್ರಿ.”

ಖಂಡೆ ಪೂಜೆಯ ದಿನ ನಟ್ಟು ಬಿಗಿಯುವ ತನ್ನ ಪಾನೆಯನ್ನು ಯಾರಾದರೂ ಮುಟ್ಟಿದರೆ ತಾನು ಏನು ಮಾಡುತ್ತಿದ್ದೆ ಎಂದು ತಮ್ಮಣ್ಣ ನೆನೆದುಕೊಂಡ. ಚೆನ್ನವ್ವ ಕಂಡಿಕೆ ತುಂಬುತ್ತಲೇ ಹೇಳಿದಳು:

“ನಾಲ್ಕ ಮಂದಿ ಮುಂದ ಬೈದು, ಓಣ್ಯಾಗ ಒಯ್ದು ಚಾ ಕುಡಿಸಿದ್ರ ಹೆಂಗ ಆಗತೈತ್ರಿ ಮಾಮಾರ? ನಕ್ಕಿದ್ದು ನಾವೆಲ್ಲಾರು. ನಮ್ಮ ಮುಂದನ ಆಗಬೇಕ ಅದು.”

ನವರಾತ್ರಿ ಬಂತು. ಶೆಡ್ಡಿನಲ್ಲಿ ಖಂಡೆ ಪೂಜೆಯ ತಯಾರಿ ನಡೆಯಿತು. ಅಲ್ಲಿ ಒಂದು ರೂಢಿ ಇತ್ತು: ಪ್ರತಿಯೊಬ್ಬ ನೇಕಾರ ತಾನು ನಡೆಸುವ ಮಗ್ಗಕ್ಕೆ ತಾನೇ ಚೆಂಡುಹೂವಿನ ಮಾಲೆ ಹಾಕಬೇಕು. ಬೀಮು ಇಲ್ಲದ ಖಾಲಿ ಮಗ್ಗಕ್ಕೆ ಮಾಲೆ ಇಲ್ಲ. ಎಳೆ ಇಲ್ಲದ ಮಗ್ಗ, ಕೂಸಿಲ್ಲದ ತೊಟ್ಟಿಲು ಎಂಬ ಭಾವನೆ. ಇನ್ನೊಂದು ರೂಢಿಯೂ ಇತ್ತು, ಅದಕ್ಕೆ ಮಾತ್ರ ಕಾರಣ ಯಾರೂ ಕೇಳಿರಲಿಲ್ಲ. ಬಾಗಿಲ ಬಳಿಯ ಕುಡಿಯುವ ನೀರಿನ ಹರವಿಗೂ ಒಂದು ಮಾಲೆ ಬೀಳುತ್ತಿತ್ತು.

ಪೂಜೆಯ ದಿನ ಬುಧವಾರ. ಮಂಗಳವಾರವೇ ರಾಜಕುಮಾರನ ಕಡೆಯ ಬೀಮು ಇಳಿಯಿತು. ಅವನು ಹೋಗುವವನೆಂದು ಬಾಬಾಸಾಹೇಬರು ಹೊಸ ಬೀಮು ಏರಿಸಿರಲಿಲ್ಲ. ಬುಧವಾರ ಬೆಳಿಗ್ಗೆ ತಮ್ಮಣ್ಣ ಬಂದಾಗ ಮಗ್ಗ ತೊಳೆಯುವ ಗಲಾಟೆ ನಡೆದಿತ್ತು. ಇಪ್ಪತ್ತು ಮಗ್ಗ ತುಂಬಿದ ಮನೆಯಂತೆ, ನಡುವಿನ ನಾಲ್ಕು ಬರಿದಾಗಿ ನಿಂತಿದ್ದವು. ಕೆಲಸ ಮುಗಿದರೂ ಪೂಜೆಗೆ ಇರಬೇಕೆಂದು ಚೆನ್ನವ್ವ ಹಿಂದಿನ ದಿನವೇ ರಾಜಕುಮಾರನಿಂದ ಮಾತು ತೆಗೆದುಕೊಂಡಿದ್ದಳು. ಬಂದರೂ ಅವನು ಕೈಯಲ್ಲಿ ಮಾಲೆ ಹಿಡಿದು ಯಾವುದಕ್ಕೆ ಹಾಕಬೇಕು?

ತಮ್ಮಣ್ಣ ನೆಟ್ಟಗೆ ಬಾಬಾಸಾಹೇಬರ ಬಳಿ ಹೋದ.

“ಸಾವಕಾರ್ರ, ಹನ್ನೊಂದನೇ ಮಗ್ಗಕ್ಕ ಬೀಮ ಬೇಕು. ಈಗ.”

“ಮಾಮಾ, ತಲಿ ನೆಟ್ಟಗೈತಿಲ್ಲೋ? ಇವತ್ತ ಪೂಜಿ. ಎರಡೂವರಿ ಸಾವಿರ ಎಳಿ, ಯಾರು ಜೋಡಸ್ತಾರ?”

“ನಾ ಜೋಡಸ್ತೀನಿ.”

“ನಿಮ್ಮ ಕಣ್ಣಾಗ? ದೀಪಾವಳಿ ಆಗತೈತಿ.”

“ಆಗಲಿ. ಬೀಮ ಕೊಡ್ರಿ.”

ಬಾಬಾಸಾಹೇಬರು ನಕ್ಕು ಬೀಮು ಕೊಟ್ಟರು. ಹಳೆಯ ಬೀಮಿನ ತುದಿ ಎಳೆಗಳು ಮಗ್ಗದಲ್ಲಿ ಜೋತಾಡುತ್ತಿರುತ್ತವೆ. ಬೆರಳಿಗೆ ಬೂದಿ ಮುಟ್ಟಿಸಿಕೊಂಡು ಒಂದೊಂದು ಹಳೆ ಎಳೆಗೆ ಒಂದೊಂದು ಹೊಸ ಎಳೆ ಹೊಸೆದು ಕೂಡಿಸಬೇಕು. ತಮ್ಮಣ್ಣ ಒಂದು ಕಡೆಯಿಂದ ಕೂತ, ಚೆನ್ನವ್ವ ತನ್ನ ಯಂತ್ರ ತೊಳೆಯುವುದು ಬಿಟ್ಟು ಇನ್ನೊಂದು ಕಡೆಯಿಂದ ಕೂತಳು. ಸ್ವಲ್ಪ ಹೊತ್ತಿಗೆ ಎಂಟನೆಯ ಮಗ್ಗದ ನೇಕಾರ ಬಂದು ಕೂತ, “ಕಾಯ ಮಾಮಾ, ಹೇ ಕಾಯ ನವೀನ?” ಎಂದು, ಇದೇನು ಹೊಸದು ಅಂತ ಮರಾಠಿಯಲ್ಲಿ ಕೇಳುತ್ತ. ಮತ್ತಿಬ್ಬರು ಬಂದರು.

ಮಧ್ಯಾಹ್ನ ರಾಜಕುಮಾರ ಹೊಸ ಅಂಗಿ ಹಾಕಿಕೊಂಡು ಬಂದ. ಪೂಜೆಗೆ ಮುಖ ತೋರಿಸಿ, ಮಗ್ಗದ ಗೂಡಿನಲ್ಲಿದ್ದ ಕತ್ತರಿ, ಕೊಕ್ಕೆ ತೆಗೆದುಕೊಂಡು ಹೋಗುವುದು ಅವನ ವಿಚಾರ. ತನ್ನ ಮಗ್ಗದ ಸುತ್ತ ಗುಂಪು ಕಂಡು ನಿಂತ.

“ಏನ್ ಮಾಡಾಕತ್ತೀರಿ ಜಾಬರ್‌ಜೀ?”

“ಕಾಣವಲ್ದೇನು? ಗಡಿಗಿ ಮಾಡಾಕತ್ತೇನಿ.”

ರಾಜಕುಮಾರ ಬಗ್ಗಿದ. ನೋಡಿದ. ಅವನ ಮುಖದಲ್ಲಿ ಹಲ್ಲುನೋವು ಬಂದವನ ಕಳೆ ಮೂಡಿತು.

“ಅರೇ! ಇದು ತಪ್ಪು. ಈ ಎಳಿ ಆ ಎಳಿಗೆ ಬಿದ್ದೈತಿ. ಇಲ್ಲೀತನಕ ಎಲ್ಲಾ ಒಂದೊಂದ್ ಸರಕ ಗಯಾ, ಸರದಾವ!”

“ತಾಸ ಆತು ಹೇಳಾಕತ್ತು,” ಎಂದಳು ಚೆನ್ನವ್ವ. “ಇವರು ಕಣ್ಣಿಲೆ ಅಲ್ಲ, ಹಟದಿಲೆ ಜೋಡಸಾಕತ್ತಾರ.”

ಎಲ್ಲರೂ ನಕ್ಕರು. ತಮ್ಮಣ್ಣ ಬೂದಿ ಬೆರಳು ಎತ್ತಿ ಆ ನಗೆಯನ್ನು ನಿಲ್ಲಿಸಿದ. ಕೂತಲ್ಲಿಂದಲೇ, ಮಗ್ಗಗಳು ನಿಂತ ಆ ಮೌನದಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ:

“ರಾಜಕುಮಾರ, ಅವತ್ತ ನೀ ಹಚ್ಚಿದ ಕುಂಕುಮ ಒರಸಿದ್ದು ನನ್ನ ತಪ್ಪು. ಎಲ್ಲಾರ ಮುಂದ ಹಂಗ ಬೈದಿದ್ದು ತಪ್ಪು. ಹತ್ಯಾರದ ಆರಾಮದ ದಿನ ಮಗ್ಗ ಹಚ್ಚಿದ್ದು ಅದರಕಿಂತ ದೊಡ್ಡ ತಪ್ಪು. ನೀ ಹೋಗೂದಿದ್ರ ಹೋಗು, ಬ್ಯಾಡ ಅನ್ನಂಗಿಲ್ಲ. ಆದ್ರ ಈ ಶೆಡ್ಡಿನ್ಯಾಗಿಂದ ಖಾಲಿ ಮಗ್ಗ ಬಿಟ್ಟು, ಕೈಯಾಗ ಮಾಲಿ ಹಿಡಕೊಂಡು ಯಾರೂ ಹೋಗಬಾರ್ದು.”

ರಾಜಕುಮಾರ ಹೊಸ ಅಂಗಿಯ ತೋಳು ಮೇಲೇರಿಸಿದ. ತಮ್ಮಣ್ಣನನ್ನು ಭುಜ ಹಿಡಿದು ಮೆಲ್ಲಗೆ ಬದಿಗೆ ಸರಿಸಿ, ಅವನು ಕೂಡಿಸಿದ ಎಳೆಗಳನ್ನು ಬಿಚ್ಚತೊಡಗಿದ.

“ನೀವು ಬೂದಿ ಹಿಡೀರಿ ಜಾಬರ್‌ಜೀ. ಅಷ್ಟೇ ಮಾಡ್ರಿ.”

ದೀಪ ಹಚ್ಚುವ ಹೊತ್ತಿಗೆ ಬೀಮು ಏರಿತ್ತು. ಮೇನ್ ಸ್ವಿಚ್ಚಿನ ಮುಂದೆ ಚಾಪೆ ಹಾಸಿ ಎಲ್ಲರ ಸಾಮಾನು ಸಾಲಾಗಿ ಇಟ್ಟರು: ಕತ್ತರಿ, ಕೊಕ್ಕೆ, ಚೆನ್ನವ್ವನ ಕಂಡಿಕೆ, ಎಲ್ಲಕ್ಕೂ ಮುಂದೆ ತಮ್ಮಣ್ಣನ ಪಾನೆಗಳ ಪೆಟ್ಟಿಗೆ. ಆ ಪೆಟ್ಟಿಗೆಯನ್ನು ಬೇರೆ ಯಾರೂ ಮುಟ್ಟುವಂತಿರಲಿಲ್ಲ. ತಮ್ಮಣ್ಣ ಅದನ್ನು ರಾಜಕುಮಾರನ ಕಡೆ ತಳ್ಳಿ, “ನಿಮ್ಮ ಕಿತ್ತಳೆ ಕುಂಕುಮ ಐತೇನು? ಮೊದಲ ಅದು ಬೀಳಲಿ. ಆಮ್ಯಾಲ ನಮ್ಮದು,” ಎಂದ. ರಾಜಕುಮಾರನ ಕಿಸೆಯಲ್ಲಿ ಕುಂಕುಮದ ಪುಡಿಕೆ ಇತ್ತು. ಹೋಗುವವನ ಕಿಸೆಯಲ್ಲಿ ಅದು ಯಾಕಿತ್ತೆಂದು ಚೆನ್ನವ್ವ ಕೇಳಲಿಲ್ಲ, ತಮ್ಮಣ್ಣನ ಕಡೆ ನೋಡಿ ಹುಬ್ಬು ಹಾರಿಸಿದಳು ಅಷ್ಟೇ.

ಹನ್ನೊಂದನೆಯ ಮಗ್ಗಕ್ಕೆ ರಾಜಕುಮಾರ ಮಾಲೆ ಹಾಕಿದ. ಕಾಯಿ ಒಡೆದಾಯಿತು, ಬಾಳಕ್ಕ ಮಾಡಿ ಕಳಿಸಿದ ಹೋಳಿಗೆ ಹಂಚಿದ್ದಾಯಿತು. ಬುಟ್ಟಿಯಲ್ಲಿ ಉಳಿದ ಮಾಲೆಯನ್ನು ಚೆನ್ನವ್ವ ರಾಜಕುಮಾರನ ಕೈಗೇ ಕೊಟ್ಟು ನೀರಿನ ಹರವಿಯ ಕಡೆ ಬೆರಳು ತೋರಿಸಿದಳು.

“ನೀರಿನ ಗಡಿಗಿಗೆ ಯಾಕ?” ಎಂದ ರಾಜಕುಮಾರ.

ಯಾರಿಗೂ ಗೊತ್ತಿರಲಿಲ್ಲ. ಬಾಬಾಸಾಹೇಬರೂ ತಲೆ ಕೆರೆದುಕೊಂಡರು. ತಮ್ಮಣ್ಣ ಹೋಳಿಗೆ ನುಂಗಿ, ಕೈ ಒರೆಸಿಕೊಂಡ.

“ನಾ ಬಂದ ವರ್ಷ. ಇನ್ನ ಮಗ್ಗ ಕೊಟ್ಟಿರಲಿಲ್ಲ, ರಜಾ ಹಾಕಿದವರ ಜಾಗಾದಾಗ ನಿಲ್ಲಾವ. ಖಂಡೆ ಪೂಜಿಗೆ ಹೊರಗಿನ ಪಡಸಾಲ್ಯಾಗ ನಿಂತು ನಾನೂ ಒಂದು ಮಾಲಿ ಕಟ್ಟಿದ್ದೆ. ಎಲ್ಲಾರು ಅವರವರ ಮಗ್ಗಕ್ಕ ಹಾಕಿದ್ರು. ನಂಗ ಮಗ್ಗ ಇಲ್ಲ. ಹಂಗ ಹಿಡಕೊಂಡ ನಿಂತ್ರ ನಗತಾರಂತ ನಾಚಿಕಿಗೆ ಹೋಗಿ ಹರವಿಗೆ ಹಾಕಿದೆ. ಎಲ್ಲಾರು ನೀರ ಕುಡಿಯೂದು ಅದರಾಗ, ಯಾರೂ ಬ್ಯಾಡ ಅನ್ನಲಿಲ್ಲ. ಮುಂದಿನ ವರ್ಷ ಯಾರೋ ತಾವ ಹಾಕಿದ್ರು. ಹಂಗ ನಡಕೊಂಡ ಬಂತು.”

“ನಲವತ್ತ ವರ್ಷ ಆತು, ಒಮ್ಮೆರೆ ಬಾಯಿ ಬಿಟ್ಟೀರೇನ್ರಿ?” ಎಂದಳು ಚೆನ್ನವ್ವ.

“ಯಾರರ ಕೇಳಿದ್ರೇನು?”

ರಾಜಕುಮಾರ ಹರವಿಗೆ ಮಾಲೆ ಹಾಕಿದ, ಒಂದು ಲೋಟ ನೀರು ಬಗ್ಗಿಸಿಕೊಂಡು ಕುಡಿದ.

ಮರುದಿನ ದಸರೆ. ಬನ್ನಿ ಕೊಟ್ಟು ಕಾಲಿಗೆರಗುವುದೆಲ್ಲ ಮುಗಿದ ಮೇಲೆ ಒಳ್ಳೆ ಗಳಿಗೆ ನೋಡಿ ಮಗ್ಗಗಳನ್ನು ಹಚ್ಚಿದರು. ಹನ್ನೊಂದನೆಯದನ್ನು ಮಾತ್ರ ತಮ್ಮಣ್ಣ ಹಚ್ಚಗೊಡಲಿಲ್ಲ. ಅದಕ್ಕೆ ಒಂದು ದಿನದ ಆರಾಮ ಕಸಿದಿದ್ದೇನೆ, ಇವತ್ತು ಮಲಗಲಿ ಎಂದ. ಬಾಬಾಸಾಹೇಬರು ಗೊಣಗಿದರು, ಬೇಡ ಎನ್ನಲಿಲ್ಲ. ಮುಂದಿನ ಸೆಪ್ಟೆಂಬರಿನ ಹದಿನೇಳಕ್ಕೆ ರಾಜಕುಮಾರನ ನಾಲ್ಕೂ ಮಗ್ಗ ನಿಲ್ಲುತ್ತವೆ ಎಂದು ಅಲ್ಲೇ ಅವರ ಬಾಯಿಂದ ಹೇಳಿಸಿಕೊಂಡೂ ಬಿಟ್ಟ ತಮ್ಮಣ್ಣ. ರಾಜಕುಮಾರ ಮುಂದಿನ ಗಲ್ಲಿಯ ಶೆಡ್ಡಿಗೆ ಹೋಗಿ, ತಾನು ಅಲ್ಲಿಗೆ ಸೇರುವುದಿಲ್ಲವೆಂದು ಹೇಳಿಬಂದ.

ಶುಕ್ರವಾರ ಬೆಳಿಗ್ಗೆ ತಮ್ಮಣ್ಣ ಬಾಗಿಲಾಚೆ ಚಪ್ಪಲಿ ಬಿಡುತ್ತ ಕಿವಿಗೊಟ್ಟ. ಹನ್ನೊಂದನೆಯ ಮಗ್ಗ ಓಡುತ್ತಿತ್ತು. ಒಂದೆರಡು ಕ್ಷಣ ಚೆನ್ನಾಗಿ ಓಡಿ ಟಕ್ಕನೆ ನಿಂತಿತು. ಮತ್ತೆ ಓಡಿತು, ಮತ್ತೆ ನಿಂತಿತು. ಒಳಗೆ ಹೋದಾಗ ರಾಜಕುಮಾರ ಒಂದು ಹರಿದ ಎಳೆಯನ್ನು ಎರಡು ಬೆರಳಲ್ಲಿ ಹಿಡಿದು, ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿ ನಿಂತಿದ್ದ.

“ಇದು ನೀವು ಜೋಡಸಿದ್ದು ಜಾಬರ್‌ಜೀ. ಒಂದ್ ಉಳದಿತ್ತು.”

ಇಡೀ ಶೆಡ್ಡು ನಕ್ಕಿತು. ತಮ್ಮಣ್ಣ ಪಾನೆ ಎತ್ತಿ ಹೊಡೆಯುವವನಂತೆ ಮಾಡಿ, ಬೂದಿಯ ಡಬ್ಬಿ ಹುಡುಕಲು ಹೋದ.